ಎರಡು ಬೆರಳು ಎಡಕ್ಕೆ

ನಮ್ಮ ಬಂದೂಕು ಕ್ಲಬ್ಬಿನ ಸ್ಕ್ರೂ ಮಾವ ಗುಂಡು ಹಾರಿಸಿದ್ದಕ್ಕಿಂತ ಸ್ಕ್ರೂ ಬಿಗಿ ಮಾಡಿದ್ದೇ ಹೆಚ್ಚು. ಗುಂಡು ಹಾರಿದಾಗಲೆಲ್ಲ ಏರ್‌ಗನ್ನು ಹಿಂದಕ್ಕೆ ಒದೆಯುತ್ತದೆ. ಆ ಏಟಿಗೆ ಮೇಲಿನ ದುರ್ಬೀನು ಕೂದಲೆಳೆಯಷ್ಟು ಕದಲಿದರೂ ಗುರಿ ಕೆಟ್ಟಿತೆಂದು ಅವರಿಗೆ ದಿಗಿಲು. ಹೆಂಡತಿ ಜಾರಿ ಬಿದ್ದು ಭುಜ ಮುರಿದುಕೊಂಡಾಗಿನಿಂದ ಒಬ್ಬರೇ ಬರುವ ಅವರು, ಬಸ್ಸಿನಲ್ಲಿ ಸೀಟು ಸಿಕ್ಕರೆ ಬಂದೂಕಿನ ಚೀಲವನ್ನು ಕೂರಿಸಿ ತಾವು ನಿಲ್ಲುತ್ತಾರೆ. ಹತ್ತಿರದಲ್ಲಿ ಯಾರಾದರೂ ಸೀನಿದರೆ, "ಸ್ವಲ್ಪ ಆ ಕಡೆ ತಿರುಗಪ್ಪ, ಅಲುಗಾಡೀತು" ಎನ್ನುತ್ತಾರೆ. ಇಷ್ಟೆಲ್ಲ ಜೋಪಾನ ಮಾಡಿಯೂ ಅವರ ಗುಂಡು ಒಂದು ದಿನವೂ ನಡುವಿನ ಚುಕ್ಕೆಗೆ ಬಿದ್ದದ್ದಿಲ್ಲ. ಪ್ರತಿ ಸಲವೂ ಎರಡು ಬೆರಳು ಎಡಕ್ಕೆ. ಅದನ್ನು ನೋಡಿ ಹಾಲು ಕುಡಿದಷ್ಟು ಸಂತೋಷದಿಂದ ಬಂದೂಕು ಒರೆಸಿಡುತ್ತಾರೆ. ಮೊನ್ನೆ ತಡೆಯಲಾರದೆ ನಾನೇ ದುರ್ಬೀನಿನ ತಿರುಪಿಗೆ ಕೈ ಹಾಕಿದೆ. "ಮಾವ, ಇದನ್ನ ಒಂಚೂರು ತಿರುಗಿಸಿದ್ರೆ ಸರಿಹೋಗುತ್ತೆ." ಅವರು ನನ್ನ ಕೈ ಹಿಡಿದುಕೊಂಡರು. "ಬೇಡಪ್ಪ, ಅದು ನಿಮ್ಮತ್ತೆ ಕಣ್ಣಿಗೆ ಹೊಂದಿಸಿದ್ದು. ನಾನು ಹೊಡೆದ್ರೆ ಎರಡು ಬೆರಳು ಎಡಕ್ಕೇ ಬೀಳ್ಬೇಕು. ಬಿತ್ತು ಅಂದ್ರೆ ಕದಲಿಲ್ಲ ಅಂತ ಲೆಕ್ಕ. ಅವಳು ಮತ್ತೆ ಬಂದೂಕು ಎತ್ತಿದ ದಿನ ಮೊದಲನೇ ಗುಂಡೇ ನಡುವಿಗೆ ಹೋಗ್ಬೇಕು."