ವಲ್ಲಿಯೊಳಗಿನ ನೀಲಗಿರಿ ಎಣ್ಣೆ

ಹರವೆಯ ಗುರುಮಲ್ಲಯ್ಯ ದನದ ದಲ್ಲಾಳಿ. ಸಂತೆಮರಹಳ್ಳಿಯ ಸಂತೆಯಲ್ಲಿ ಎತ್ತು ಕೊಳ್ಳುವವನಿಗೂ ಮಾರುವವನಿಗೂ ನಡುವೆ ಅವನ ಹೆಗಲ ವಲ್ಲಿವಸ್ತ್ರ ಇರಲೇಬೇಕು. ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳು ಮುಟ್ಟಿ ಬೆಲೆ ಹೇಳುವುದು ನಮ್ಮ ಕಡೆಯ ಪದ್ಧತಿ; ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಬಾಯಲ್ಲಿ ಮಳೆ ರಾಗಿಯ ಮಾತಾಡುತ್ತಿರಬೇಕು, ವ್ಯಾಪಾರ ಒಳಗೊಳಗೇ ನಡೆಯಬೇಕು, ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಒಮ್ಮೆ ಮುಟ್ಟಿದ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೆಂಡತಿಗೆ ಕೊಟ್ಟ ಮಾತಿಗೆ ನಾನು ತಪ್ಪಿದ್ದುಂಟು. ವಲ್ಲಿಯೊಳಗಿನ ಬೆರಳಿಗೆ ತಪ್ಪಿದವನನ್ನು ಕಂಡಿಲ್ಲ.

ಇಂಥ ಗುರುಮಲ್ಲಯ್ಯನ ಬಲಗೈಗೆ ಇಸುಬು ಹತ್ತಿತು. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುವ, ವರ್ಷಗಟ್ಟಲೆ ಬಿಡದ ಇಸುಬು. ಅಂಗೈ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು. ಅದನ್ನಾದರೂ ಸಹಿಸಬಹುದು, ನವೆಯನ್ನು ಸಹಿಸುವುದು ಹೇಗೆ? ಒಂದು ಸಂತೆಯಲ್ಲಿ ಚೆಲುವಯ್ಯ ಎಂಬ ರೈತನ ಎತ್ತಿಗೆ ಬೆಲೆ ಕಟ್ಟುತ್ತಿರುವಾಗಲೇ ಅದು ಬಂತು. ಗುರುಮಲ್ಲಯ್ಯ ತಡೆಯಲಾರದೆ ತನ್ನ ಅಂಗೈಯನ್ನು ಚೆಲುವಯ್ಯನ ಬೆರಳುಗಳಿಗೇ ಉಜ್ಜಿಬಿಟ್ಟ. ಒಂದು ಬೆರಳಾಯಿತು, ಎರಡಾಯಿತು, ಐದೂ ಆಯಿತು.

ಚೆಲುವಯ್ಯನ ಮುಖ ಅರಳಿತು. "ಇಷ್ಟು ಕೊಡೋದಾದ್ರೆ ಮೂಗುದಾರಾನೂ ಇರ್ಲಿ, ತಕ್ಕೊಂಡೋಗಣ್ಣ."

"ಅದು ಬೆಲೆ ಅಲ್ಲ ಕಣ್ಲಾ, ನವೆ!"

"ನವೆಗೇ ಇಷ್ಟಾದ್ರೆ ಬೆಲೆಗೆ ಇನ್ನೆಷ್ಟಣ್ಣ?"

ಎತ್ತು ಕೊಳ್ಳಲು ಬಂದಿದ್ದವನು ಸಿಟ್ಟಾಗಿ ಎದ್ದುಹೋದ. ಅಲ್ಲಿಂದ ಮುಂದೆ ಗುರುಮಲ್ಲಯ್ಯನ ವಲ್ಲಿಯೊಳಗೆ ಕೈಯಿಡುವವರೇ ಇಲ್ಲವಾದರು. ಯಾರೂ ಕೈ ಹಿಡಿಯದ ದಲ್ಲಾಳಿ ಸಂತೆಯಲ್ಲಿ ಮಾಡುವುದಾದರೂ ಏನು? ಕಡ್ಲೆಪುರಿ ತಿಂದುಕೊಂಡು ಕೂತ.

ಬಿಟ್ಟಿ ಸಲಹೆಗೆ ಚಾಮರಾಜನಗರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಗುಂಡ್ಲುಪೇಟೆಯಲ್ಲಿ ಅತ್ತರಿನಂಗಡಿ ಇಟ್ಟಿದ್ದ ಖುದ್ದೂಸ್ ಸಾಬರ ಹತ್ತಿರ ಅವನನ್ನು ಕಳಿಸಿದೆ. ಊಟಿಯಿಂದ ಇಳಿದುಬರುವ ಬಸ್ಸಿನಲ್ಲಿ ಅವರು ನೀಲಗಿರಿ ಎಣ್ಣೆ ತರಿಸುತ್ತಿದ್ದರು. ಅವರ ಎಣ್ಣೆಗಳಿಂದ ನನ್ನ ತಲೆಯ ಕೂದಲು ಉಳಿಯಲಿಲ್ಲ ನಿಜ, ಆದರೆ ನನ್ನಷ್ಟು ಘಮಘಮಿಸುವ ಬೋಳುತಲೆ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

"ಇದು ಇಸುಬನ್ನ ಓಡ್ಸಲ್ಲ ಗುರುಮಲ್ಲಯ್ಯ, ನವೆ ತಣ್ಣಗೆ ಮಾಡ್ತದೆ ಅಷ್ಟೆ. ಕೊಬ್ಬರಿ ಎಣ್ಣೇಲಿ ಎರಡೇ ತೊಟ್ಟು. ಹಾಗೇ ಹಚ್ಕೊಂಡು ಆಮೇಲೆ ನನ್ನ ಬೈಬೇಡಿ" ಎಂದರು ಸಾಬರು.

ಎರಡು ತೊಟ್ಟಿಗೇ ಗುಣ ಇದ್ದರೆ ಸೀಸೆಗೆ ಎಷ್ಟಿರಬೇಡ! ಗುರುಮಲ್ಲಯ್ಯ ಬಸ್ಸು ಹತ್ತಿದವನೇ ಅಂಗೈಗೆ ಸುರಿದುಕೊಂಡ. ಬಸ್ಸು ಹೊರಡುವಷ್ಟರಲ್ಲಿ ಕೈಗೆ ಬೆಂಕಿ ಬಿದ್ದಂತಾಯಿತು. ಗಾಳಿಯಾದರೂ ತಾಗಲೆಂದು ಕೈಯನ್ನು ಕಿಟಕಿಯಿಂದ ಹೊರಗೆ ಬೀಸುತ್ತ ಹರವೆಯವರೆಗೆ ಬಂದ. ಎಲೆಕ್ಷನ್ನಿಗೆ ನಿಂತವರು ಯಾರೋ ಇರಬೇಕೆಂದು ದಾರಿಯುದ್ದಕ್ಕೂ ಜನ ಕೈಮುಗಿದರು.

ಆಮೇಲೆ ಬುದ್ಧಿ ಬಂದು, ಸಾಬರು ಹೇಳಿದಂತೆ ಬೆರೆಸಿ ಹಚ್ಚತೊಡಗಿದ. ನವೆ ಇಳಿಯಿತು. ಹುರುಪಿನಿಂದ ಸಂತೆಗೆ ಹೋಗಿ, ಹಲ್ಲು ನೋಡಲು ಒಂದು ಎತ್ತಿನ ಬಾಯಿಗೆ ಕೈಯಿಟ್ಟ. ಎತ್ತು ಅವನ ಮುಖಕ್ಕೇ ಸೀನಿತು.

"ಆಣೆಗೂ ನಮ್ಮೆತ್ತಿಗೆ ನೆಗಡಿ ಇಲ್ಲ ಕಣಣ್ಣೋ!" ಎಂದು ಎತ್ತಿನವನು ಬಾಯಿ ಬಡಿದುಕೊಂಡ.

ಎತ್ತಿನ ಮೂಗು ಹಾಳಾಗಲಿ, ಮನುಷ್ಯರ ಮೂಗಿನಿಂದ ಬೇರೆಯೇ ಗಂಡಾಂತರ ಬಂತು. ಗುರುಮಲ್ಲಯ್ಯನ ಕೈ ಹಿಡಿದವರ ಕೈಯೆಲ್ಲ ಊಟಿ ವಾಸನೆ. ಮಿಕ್ಕ ದಲ್ಲಾಳಿಗಳು ಮಾತಿಗೆ ಮೊದಲು "ಎಲ್ಲಿ, ಕೈ ಕೊಡು" ಎಂದು ಮೂಸಿನೋಡತೊಡಗಿದರು. ಯಾರು ಯಾರ ಹತ್ತಿರ ಹೋಗಿ ಬಂದರೆಂಬುದು ಬಯಲಾದ ಮೇಲೆ ವಲ್ಲಿ ಹೊದಿಸಿ ಏನು ಪ್ರಯೋಜನ?

ನಾನೂ ಸಿಕ್ಕಿಬಿದ್ದೆ. ಮನೆಯವಳು ಬೇಡವೆಂದಿದ್ದ ಹಸುವಿನ ಬೆಲೆಯನ್ನು ಅದೇ ವಲ್ಲಿಯಡಿ ಸುಮ್ಮನೆ ವಿಚಾರಿಸಿ ಬಂದಿದ್ದೆ. ಊಟಕ್ಕೆ ಕೂತಾಗ ಅವಳು ನನ್ನ ಕೈಯನ್ನು ಮೂಗಿನ ಹತ್ತಿರ ಎಳೆದುಕೊಂಡು, "ಯಾವ ಬಣ್ಣದ್ದು?" ಎಂದಳು.

"ಕಂದು" ಎಂದೆ. ಸುಳ್ಳು ಹೇಳಲು ವ್ಯವಧಾನವೇ ಸಿಗಲಿಲ್ಲ.

ರೈತರು ಮತ್ತೆ ದೂರ ಸರಿದರು. ಗುರುಮಲ್ಲಯ್ಯ ನನ್ನ ಜಗಲಿಯ ಮೇಲೆ ಬಂದು ಕೂತ. "ಎಣ್ಣೆ ಬುಟ್ರೆ ನವೆ, ಅಚ್ಚಿದ್ರೆ ವಾಸ್ನೆ. ಮೊಣಕೈಲಿ ಯಾಪಾರ ಮಾಡ್ಲಾ ಮೇಷ್ಟ್ರೆ?"

"ಎಡಗೈ ಇದೆಯಲ್ಲ" ಎಂದೆ.

"ಎಡಗೈಲಿ ಕೊಂಡ ಎತ್ತು ಹೊಲ ಉತ್ತದಾ?"

"ಹಾಗಾದರೆ ಮೇಲೊಂದಿಷ್ಟು ಗುಲಾಬಿ ಅತ್ತರು ಹಚ್ಚು."

ಹಲ್ಲುದುರಿದ ಎತ್ತನ್ನು ನೋಡುವಂತೆ ನನ್ನನ್ನು ನೋಡಿ ಎದ್ದುಹೋದ.

ಮುಂದಿನ ಸಂತೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ಸಂತೆಮಾಳದ ಬಾಯಲ್ಲೇ ನಿಂತಿದ್ದ. ಕೈ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಒಳಗೆ ಬಂದ ಒಬ್ಬೊಬ್ಬರ ಎರಡೂ ಕೈ ಹಿಡಿದು, "ಚೆಂದಾಗಿದ್ದೀರಾ? ಮಕ್ಳು ಮರಿ ಚೆಂದಾಗವಾ?" ಎಂದು ಕುಲುಕುತ್ತಿದ್ದ. ಕೊಳ್ಳುವವರು, ಮಾರುವವರು, ಸುಂಕದವನು, ಹಗ್ಗದವನು, ಕಡ್ಲೆಪುರಿಯವಳು, ಯಾರನ್ನೂ ಬಿಡಲಿಲ್ಲ. ನನ್ನ ಕೈಯನ್ನಂತೂ ಎರಡು ಸಲ ಕುಲುಕಿದ.

ಬಿಸಿಲೇರುವ ಹೊತ್ತಿಗೆ ಇಡೀ ಸಂತೆಗೆ ಒಂದೇ ವಾಸನೆ. ದಲ್ಲಾಳಿಗಳು ಮೂಸಿ ಮೂಸಿ ಕಣ್ಣಲ್ಲಿ ನೀರು ತಂದುಕೊಂಡರು. ಚೆಲುವಯ್ಯ ತನ್ನ ಕೈ ಮೂಸಿದ, ಪಕ್ಕದವನ ಕೈ ಮೂಸಿದ, ಬಾಯಿಗೆ ಹಾಕಿಕೊಳ್ಳಲಿದ್ದ ಪುರಿಯನ್ನೂ ಮೂಸಿದ. ಕೊನೆಗೆ, "ಅತ್ಲಾಗಿ ಬುಡು. ವಲ್ಲಿ ಬಿಚ್ಚಣ್ಣ" ಎಂದು ಕೈ ಚಾಚಿದ.

ಗುರುಮಲ್ಲಯ್ಯ ವಲ್ಲಿ ಕೊಡವಿ ಹರಡಿದ. ಎಷ್ಟೋ ದಿನಗಳ ಮೇಲೆ ಅದರೊಳಗೆ ಎರಡು ಕೈ ಸೇರಿದವು. ಅವರ ಬಾಯಿ ಮಳೆಯ ಮಾತು ತೆಗೆಯಿತು.

ಈ ಹೊತ್ತು ಯಾರ ಮನೆಯವಳ ಮೂಗಿಗೂ ಸಾಕ್ಷಿ ಸಿಗದು ಎಂದು ಹೊಳೆದು, ಕಂದು ಹಸುವಿನ ಹಗ್ಗ ಹಿಡಿದಿದ್ದವನನ್ನು ಕರೆದುಕೊಂಡು ನಾನೂ ಚೆಲುವಯ್ಯನ ಹಿಂದೆ ಹೋಗಿ ನಿಂತೆ.