ಸದ್ದಾಗದಂತೆ ಕಲಕುವುದು

ನನ್ನ ಗಂಡ ಬಹಳ ವರ್ಷ ಗಲ್ಫಿನ ಹೋಟೆಲೊಂದರ ಬಾರಿನಲ್ಲಿ ಕೆಲಸ ಮಾಡಿದವರು. ಊರಿಗೆ ಮರಳಿದ ಮೇಲೆ ಇಲ್ಲೇ ಮಂಗಳೂರಿನಲ್ಲಿ, ಹೋಟೆಲ್ ಕೆಲಸ ಕಲಿಸುವ ಕಾಲೇಜೊಂದರಲ್ಲಿ ಪ್ರಾಕ್ಟಿಕಲ್ ಕ್ಲಾಸು ತೆಗೆದುಕೊಳ್ಳುತ್ತಾರೆ. ಅಷ್ಟು ವರ್ಷ ದೇಶದೇಶದವರಿಗೆಲ್ಲ ಮದ್ಯ ಬೆರೆಸಿ ಕೊಟ್ಟ ಮನುಷ್ಯ ತಾನು ಕುಡಿಯುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ, ಒಂದು ಗ್ಲಾಸು ಮಾರ್ಟಿನಿ. ಅದರಲ್ಲೂ ಅರ್ಧ ನನಗೆ.

ಉರ್ವದ ನಮ್ಮ ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ. ಅತ್ತೆಯ ತವರಿನಲ್ಲಿ ಕಳ್ಳು ಇಳಿಸುವುದು ಕಸುಬಾಗಿತ್ತು. ಹಾಗಾಗಿ ಕುಡಿತದ ಬಗ್ಗೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಮಗನ ಸಂಭ್ರಮ ನೋಡಿದರೆ ಮಾತ್ರ ನಗು ಬರುತ್ತಿತ್ತು.

“ಮರದಿಂದ ಇಳಿಸಿದ್ರೆ ಕುಡಿದಾಯ್ತು. ಇದಕ್ಕೆ ಎಂತ ಮಾರಾಯ ಇಷ್ಟು ಪೂಜೆ?” ಎನ್ನುತ್ತಿದ್ದರು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಪೂಜೆ ಎಂದದ್ದು ಸುಳ್ಳಲ್ಲ. ಶನಿವಾರವೇ ನೀರು ಕುದಿಸಿ ಆರಿಸಿ, ಬುತ್ತಿಯ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತಿದ್ದರು. ಸಣ್ಣ ಸಣ್ಣ ಐಸು ನಮ್ಮ ಸೆಕೆಗೆ ನೋಡನೋಡುತ್ತ ಕರಗಿ ಎಲ್ಲವನ್ನೂ ನೀರು ಮಾಡುತ್ತದೆಂದು ಅವರ ದೂರು. ಭಾನುವಾರ ಆ ಗಟ್ಟಿಯನ್ನು ಚೂರಿಯ ಹಿಂಬದಿಯಿಂದ ಕುಟ್ಟಿ ದೊಡ್ಡ ದೊಡ್ಡ ತುಂಡು ಮಾಡಿ, ದಪ್ಪ ಗಾಜಿನ ಲೋಟಕ್ಕೆ ಹಾಕುವುದು. ಅದರ ಮೇಲೆ ಜಿನ್, ನೀರಿನಂತೆ ಕಾಣುವ ಖಡಕ್ ಮದ್ಯ. ಆಮೇಲೆ ವರ್ಮೂತ್ ಎಂಬ, ಗಿಡಮೂಲಿಕೆ ಹಾಕಿದ ಬಿಳಿ ವೈನು, ಸ್ವಲ್ಪವೇ ಸ್ವಲ್ಪ. ಹಣ್ಣಿನ ರಸ ಇಲ್ಲ, ಸೋಡಾ ಇಲ್ಲ, ಸಕ್ಕರೆ ಇಲ್ಲ. “ಇದರಲ್ಲಿ ತಪ್ಪು ಅಡಗಿಸ್ಲಿಕ್ಕೆ ಜಾಗವೇ ಇಲ್ಲ” ಎನ್ನುತ್ತಿದ್ದರು. ಕೊನೆಗೆ ಉದ್ದ ಕಡ್ಡಿಯ ಚಮಚ ಇಳಿಸಿ ಕಲಕುವುದು. ಮುಚ್ಚಳ ಹಾಕಿ ಕುಲುಕಿದರೆ ಗಾಳಿ ಸೇರಿ ಮಬ್ಬಾಗುತ್ತದಂತೆ. ಕಲಕಿದರೆ ಬಾವಿಯ ತಿಳಿನೀರಿನ ಹಾಗೆ ಇರುತ್ತದೆ. ಚಮಚದ ಬೆನ್ನು ಗಾಜಿಗೆ ಅಂಟಿಕೊಂಡು ಸುತ್ತಬೇಕು, ಐಸಿನ ತುಂಡುಗಳೆಲ್ಲ ಒಟ್ಟಿಗೆ ತಿರುಗಬೇಕು, ಸದ್ದು ಆಗಬಾರದು. ನಾನು ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದರೆ ಅವರು ಕಲಕಲು ಶುರು ಮಾಡಿದ್ದಾರೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ.

ಒಂದು ಭಾನುವಾರ ಗೊತ್ತಾಯಿತು. ಟಿಣ್ ಟಿಣ್ ಎಂದು ಗಾಜಿಗೆ ಚಮಚ ಬಡಿಯುವ ಸದ್ದು.

“ಎಂತ ಆಯ್ತು?” ಎಂದು ಒಳಗಿನಿಂದಲೇ ಕೇಳಿದೆ.

“ಎಂತ ಇಲ್ಲ. ಐಸು ಸರಿ ಆಗ್ಲಿಲ್ಲ ಇವತ್ತು.”

ಮುಂದಿನ ವಾರವೂ ಐಸು ಸರಿಯಾಗಲಿಲ್ಲ. ಅದರ ಮುಂದಿನ ವಾರ ಜಿನ್ ಮುಗಿದಿದೆ ಎಂದರು. ಕಪಾಟಿನಲ್ಲಿ ಬಾಟಲಿ ಮುಕ್ಕಾಲು ತುಂಬಿತ್ತು. ನಾನು ಕೇಳುವ ಬದಲು ನೋಡತೊಡಗಿದೆ. ಕಪ್ಪು-ಸಾಸರಿನಲ್ಲಿ ಚಹಾ ಕುಡಿಯುತ್ತಿದ್ದವರು ಸ್ಟೀಲ್ ಲೋಟಕ್ಕೆ ಬದಲಾಗಿದ್ದರು. ಅದನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಲು ಹೊತ್ತಾಗುತ್ತಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

ಕಡೆಗೆ ಒಂದು ದಿನ ಕಾಲೇಜಿನಿಂದ ಬಂದವರು ಜಗಲಿಯಲ್ಲಿ ಚಪ್ಪಲಿ ಸಹ ಬಿಚ್ಚದೆ ಕೂತರು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು.

“ಇವತ್ತು ಮಕ್ಕಳ ಎದುರು ಗ್ಲಾಸು ತುಂಬಿಸ್ಲಿಕ್ಕೆ ಹೋಗಿ ಮೇಜಿನ ಮೇಲೆಲ್ಲ ಚೆಲ್ಲಿದೆ. ಯಾರೂ ನಗ್ಲಿಲ್ಲ. ನಗಾಡಿದ್ರೆ ಒಳ್ಳೇದಿತ್ತು.”

ಅಂಗೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಸಣ್ಣಗೆ ನಡುಗುತ್ತಿದ್ದವು.

“ಮಾವನದ್ದು ಅಳಿಯನಿಗೆ ಅಲ್ವಾ ನಮ್ಮಲ್ಲಿ?” ಎಂದರು. ನಗಲು ನೋಡಿದರು, ಆಗಲಿಲ್ಲ.

ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಹಿಂದೆ ಸೋದರಮಾವನ ಆಸ್ತಿ ಅವರ ಅಕ್ಕತಂಗಿಯರ ಮಕ್ಕಳಿಗೆ ಬರುತ್ತಿತ್ತು. ಇವರ ಸೋದರಮಾವ, ಅಂದರೆ ಅತ್ತೆಯ ಅಣ್ಣ, ಕಂಪವಾತದಲ್ಲಿ ಹೋದವರು. ಕೊನೆಯ ವರ್ಷಗಳಲ್ಲಿ ತುತ್ತನ್ನು ಬಾಯಿಯ ತನಕ ತರಲೂ ಆಗುತ್ತಿರಲಿಲ್ಲ. ಅವರಿಗೆ ಗಂಜಿ ಉಣಿಸಿದವರು ಅತ್ತೆಯೇ. ಅವರಿಂದ ಇವರಿಗೆ ತುಂಡು ಭೂಮಿಯೂ ಬಂದಿರಲಿಲ್ಲ. ಬಂದದ್ದು ಈ ಹೆದರಿಕೆ ಮಾತ್ರ.

“ಡಾಕ್ಟ್ರ ಹತ್ರ ಹೋಗುವ” ಎಂದೆ.

“ಅಮ್ಮನಿಗೆ ಹೇಳ್ಬೇಡ.”

ಅತ್ತೆಗೆ ಶಕ್ತಿನಗರದ ನೆಂಟರ ಮನೆಯಲ್ಲಿ ಊಟ ಇದೆಯೆಂದು ಹೇಳಿ ಹೊರಟೆವು. ಯಾವಾಗಲೂ ಸ್ಕೂಟರು ಬಿಡುವವರು ಅಂದು ಬಸ್ಸಿನಲ್ಲಿ ಹೋಗುವ ಎಂದರು. ಬಸ್ಸಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತಿದ್ದರು, ಶಾಲೆಯಲ್ಲಿ ಬೈಸಿಕೊಂಡವರ ಹಾಗೆ.

ನರರೋಗದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಸೋದರಮಾವನ ಕಾಯಿಲೆಯ ವಿಷಯ ನಾನೇ ಹೇಳಿದೆ. ನಡೆಸಿ ನೋಡಿದರು, ಕಾಗದದಲ್ಲಿ ಚಕ್ಕುಲಿಯ ಹಾಗೆ ಸುತ್ತು ಬರೆಸಿದರು, ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿರಿ ಎಂದು ಅವನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲು ಹೇಳಿದರು. ಜೀವಮಾನವೆಲ್ಲ ಅದನ್ನೇ ಮಾಡಿದವರ ಕೈಯಿಂದ ನೀರು ಡಾಕ್ಟರ ಮೇಜಿನ ಮೇಲೆ ಹರಿಯಿತು. ನಾನು ಗೋಡೆಯ ಕಡೆ ನೋಡಿದೆ.

ಡಾಕ್ಟರು ಅವರ ಅಂಗೈ ಹಿಡಿದುಕೊಂಡರು. “ಯಾವಾಗಲೂ ಹೀಗೆ ಬಿಸಿ ಇರ್ತದಾ? ಬೆವರ್ತದಾ?”

“ಮಂಗಳೂರಲ್ಲಿ ಯಾರಿಗೆ ಬೆವರುದಿಲ್ಲ ಡಾಕ್ಟ್ರೇ?”

ಡಾಕ್ಟರು ನಕ್ಕರು. ನಾಡಿ ನೋಡಿದರು. ತೂಕ ಇಳಿದಿದೆಯಾ, ಎದೆ ಹೊಡೆದುಕೊಳ್ಳುತ್ತದಾ, ನಿದ್ರೆ ಬರುತ್ತದಾ ಎಂದು ಕೇಳುತ್ತ ಹೋದರು. ಎಲ್ಲದಕ್ಕೂ ಇವರಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ. ರಕ್ತ ಪರೀಕ್ಷೆಗೆ ಬರೆದು ನಾಳೆ ಬನ್ನಿ ಎಂದರು. ಯಾವ ಕಾಯಿಲೆಯ ಗುಮಾನಿ ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಭಯ.

ಮರುದಿನ ರಿಪೋರ್ಟು ನೋಡಿ ಡಾಕ್ಟರು ಮೊದಲು ಹೇಳಿದ ಮಾತೇ ಅದು: “ನೀವು ಹೆದರಿದ್ದ ಕಾಯಿಲೆ ಅಲ್ಲ ಇದು.”

ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ಕೈ ನಡುಗಿಸಿದ್ದು, ಮೈ ಇಳಿಸಿದ್ದು, ನಿದ್ರೆ ಕದ್ದದ್ದು ಎಲ್ಲ ಅದೇ. ಆ ಕಾಯಿಲೆಯ ಡಾಕ್ಟರಲ್ಲಿಗೆ ಚೀಟಿ ಕೊಟ್ಟರು. ಮಾತ್ರೆ ತೆಗೆದುಕೊಂಡರೆ ನಿಧಾನಕ್ಕೆ ಇಳಿಯುತ್ತದೆ ಎಂದರು.

ಇವರು ಎರಡೆರಡು ಸಲ ಕೇಳಿದರು. “ಕಂಪವಾತ ಅಲ್ವಾ? ನನ್ನ ಮಾವನಿಗೆ ಇತ್ತು, ಅದಲ್ವಾ?”

“ಅಲ್ಲ. ಕಂಪವಾತದಲ್ಲಿ ಸುಮ್ಮನೆ ಕೂತಾಗಲೇ ಹೆಚ್ಚು ನಡುಗುವುದು. ಹಾಗೆ ಕೂತಾಗ ನಿಮ್ಮ ಕೈ ನಡುಗುವುದೇ ಇಲ್ಲ, ಗಮನಿಸಿಲ್ವಾ? ಆದ್ರೆ ಸದ್ಯಕ್ಕೆ ಕುಡಿಯುವುದು ಬೇಡ.”

“ಬೇಡ ಬೇಡ. ಇನ್ನು ಮುಂದೆ ಬೇಡವೇ ಬೇಡ ಅಂದ್ರೂ ಅಡ್ಡಿಲ್ಲ” ಎಂದು ಇವರು ಕೈ ಮುಗಿದರು. ಮುಗಿದ ಕೈಯೂ ನಡುಗುತ್ತಿತ್ತು. ಈಗ ಅದನ್ನು ನೋಡಿ ನನಗೆ ಹೆದರಿಕೆ ಆಗಲಿಲ್ಲ.

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತರಿಸಿದೆವು. ಒಂದು ಪ್ಲೇಟು ಮುಗಿದು ಇನ್ನೊಂದು ಬಂತು. ಇವರು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದವರು ನಡುವೆ ತಟ್ಟನೆ ನಿಲ್ಲಿಸಿ ಕರ್ಚೀಫು ಮುಖಕ್ಕೆ ಹಿಡಿದರು. ನಾನು ಅವರ ಪ್ಲೇಟಿನಿಂದ ಒಂದು ತೆಗೆದು ತಿಂದೆ. ಸಮಾಧಾನ ಹೇಳಲು ಹೊರಟರೆ ನಾನೂ ಅಳಲು ಶುರು ಮಾಡುತ್ತಿದ್ದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆವು. ಅವರು ಎದ್ದು ದೇವರ ಕೋಣೆಗೆ ಹೋಗಿ ಅರಿಶಿನದ ಬಟ್ಟೆಯ ಗಂಟೊಂದನ್ನು ತಂದು ನಮ್ಮ ಮುಂದೆ ಬಿಚ್ಚಿದರು. ಒಂದು ನಾಣ್ಯ, ಹರಕೆಯದು.

“ಅವನು ಸ್ಟೀಲ್ ಲೋಟ ಹಿಡಿದ ದಿನವೇ ಕಟ್ಟಿ ಇಟ್ಟದ್ದು. ನನ್ನ ಅಣ್ಣನೂ ಮೊದಲು ಲೋಟ ಬದಲಾಯಿಸಿದ್ದ” ಎಂದರು. “ಶಕ್ತಿನಗರದಲ್ಲಿ ಯಾವ ಊಟ ಅಂತ ನನಗೆ ಗೊತ್ತಿಲ್ವಾ?”

ಒಂದೇ ಸೂರಿನಡಿ ಮೂರು ಜನ ಒಬ್ಬರಿಗೊಬ್ಬರು ಹೇಳದೆ ಅದೇ ಒಂದಕ್ಕೆ ಹೆದರಿಕೊಂಡು ಕೂತಿದ್ದೆವು.

ಆ ಭಾನುವಾರ ಇವರು ಬಾಟಲಿ ಹೊರಗೆ ತೆಗೆದರು. ನಾನು ಕಣ್ಣು ಬಿಟ್ಟೆ.

“ನನಗಲ್ಲ ಮಾರಾಯ್ತಿ. ನೀನು ಕಲಕು. ನಾನು ಹೇಳ್ತೇನೆ.”

ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂತರು, ಪರೀಕ್ಷೆಗೆ ಬಂದ ಮೇಷ್ಟ್ರ ಹಾಗೆ. ನಾನು ಐಸು ಕುಟ್ಟಿದೆ, ಅರ್ಧ ನೆಲಕ್ಕೆ ಹಾರಿತು. ಜಿನ್ ಸುರಿದೆ. ವರ್ಮೂತ್ ಸುರಿಯುವಾಗ “ಸಾಕು ಸಾಕು, ಅದು ಸಾಂಬಾರಲ್ಲ” ಎಂದರು. ಚಮಚ ಇಳಿಸಿ ತಿರುಗಿಸಿದೆ. ಅದು ಗಾಜಿಗೂ ಐಸಿಗೂ ಬಡಿದು ಜಾತ್ರೆಯ ಗಂಟೆಯ ಹಾಗೆ ಮೊಳಗಿತು.

“ಸೌಟು ಹಿಡಿದ ಹಾಗೆ ಹಿಡೀಬೇಡ. ಬೆರಳಲ್ಲೇ ಉರುಳಿಸು, ಮಣಿಕಟ್ಟು ಅಲ್ಲಾಡ್ಬಾರ್ದು. ಚಮಚದ ಬೆನ್ನು ಗಾಜು ಬಿಡ್ಬಾರ್ದು.”

ಬಿಡದೆ ಸುತ್ತಿಸಿದೆ. ಸ್ವಲ್ಪ ಹೊತ್ತಿಗೆ ಐಸು ತಾನೇ ದಾರಿ ಹಿಡಿದಂತೆ ಒಟ್ಟಿಗೆ ತಿರುಗತೊಡಗಿತು. ಲೋಟದ ಹೊರಮೈ ಮಂಜಿನ ಹಾಗೆ ಬೆಳ್ಳಗಾಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಮೂವರೂ ಉಸಿರು ಹಿಡಿದು ಆ ಲೋಟವನ್ನೇ ನೋಡುತ್ತಿದ್ದೆವು. ಎಷ್ಟೋ ವಾರಗಳ ನಂತರ ನನ್ನ ತಲೆಯಲ್ಲಿ ಯಾವ ಯೋಚನೆಯೂ ಇರಲಿಲ್ಲ.

ಫ್ರೀಜರಿನಲ್ಲಿಟ್ಟಿದ್ದ ಗ್ಲಾಸಿಗೆ ಸೋಸಿ, ನಿಂಬೆಯ ಸಿಪ್ಪೆಯನ್ನು ಮೇಲಿಂದ ಹಿಂಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ತುಂತುರು ಬಿದ್ದು ಘಮ್ಮೆಂದಿತು. ಇವರು ಬಗ್ಗಿ ಮೂಸಿ ನೋಡಿ ಕಣ್ಣು ಮುಚ್ಚಿಕೊಂಡರು.

“ಪಾಸು” ಎಂದರು.

“ಕೊಡು ನೋಡುವ” ಎಂದು ಅತ್ತೆ ಕೈ ಚಾಚಿದರು. ಇಷ್ಟು ವರ್ಷ ಮುಟ್ಟದಿದ್ದವರು ಒಂದು ಗುಟುಕು ಕುಡಿದು ಮುಖ ಹಿಂಡಿದರು. “ಅಯ್ಯೋ! ಇಷ್ಟು ತಣ್ಣಗೆ ಇದ್ದು ಇಷ್ಟು ಉರಿಯುದಾ?” ಎಂದರು. ಗ್ಲಾಸು ಮಾತ್ರ ವಾಪಸು ಕೊಡಲಿಲ್ಲ. ಹುರಿದ ಬಂಗುಡೆ ಮುರಿದು ಬಾಯಿಗೆ ಹಾಕಿಕೊಂಡು ಇನ್ನೊಂದು ಗುಟುಕು ಕುಡಿದರು. ಆಮೇಲೆ ತಮ್ಮ ಅಣ್ಣನ ಕಥೆ ಹೇಳತೊಡಗಿದರು. ಕಾಯಿಲೆಯದ್ದಲ್ಲ. ಯೌವನದಲ್ಲಿ ಅವರು ತಾಳೆಮರ ಹತ್ತುತ್ತಿದ್ದದ್ದು, ಮೇಲಿನಿಂದಲೇ ತಂಗಿಗೆ ಹಾಡು ಹೇಳುತ್ತಿದ್ದದ್ದು, ಒಮ್ಮೆ ಕಳ್ಳಿನ ಮಡಕೆಯಲ್ಲಿ ಸತ್ತ ಜೇನುಹುಳಗಳನ್ನು ಕಂಡು ಇಬ್ಬರೂ ಕೂತು ಅತ್ತದ್ದು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಾಯಿಲೆ ಇಲ್ಲದ ಆ ಮನುಷ್ಯನನ್ನು ಅಂದೇ ಮೊದಲು ಕಂಡದ್ದು.

ಇವರ ಕೈ ಹತೋಟಿಗೆ ಬರಲು ಕೆಲವು ತಿಂಗಳು ಹಿಡಿಯಿತು. ಮೈ ಕೂಡಿತು, ಕ್ಲಾಸು ಮತ್ತೆ ಸುಸೂತ್ರವಾಯಿತು. ಹರಕೆ ತೀರಿಸಲು ಮೂವರೂ ನಮ್ಮ ಕಡೆಯ ದೈವ ಕೊರಗಜ್ಜನ ಕಟ್ಟೆಗೆ ಹೋದೆವು. ಅಜ್ಜನಿಗೆ ಪ್ರಿಯವಾದ ಚಕ್ಕುಲಿ, ವೀಳ್ಯ, ಒಂದು ಬಾಟಲಿ ಕಳ್ಳು. ಇಳಿಸಂಜೆಯ ಹೊತ್ತು, ಜನ ಹೆಚ್ಚಿರಲಿಲ್ಲ. ಅತ್ತೆ ಕೈ ಮುಗಿದು ಏನೋ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಕೇಳಿದೆ, “ಎಂತ ಅಷ್ಟು ಹೇಳಿದ್ದು?”

“ಹೇಳಿದ್ದಲ್ಲ ಮಗಾ, ಬೈದದ್ದು. ಇಷ್ಟು ಹೆದರಿಸ್ಲಿಕ್ಕುಂಟಾ?” ಎಂದು ಅತ್ತೆ ಚಪ್ಪಲಿ ಹುಡುಕಿದರು.