ರಮಜಾನಬಿಯ ಹತ್ತು ಉಗುರು

ಗಜೇಂದ್ರಗಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಮಜಾನಬಿ ಜೋಳ ಬೀಸುತ್ತಿದ್ದಾಳೆ. ಬೀಸುಕಲ್ಲಿನ ಗೂಟ ಹಿಡಿದ ಬಲಗೈಯ ಐದೂ ಬೆರಳಿಗೆ ರಕ್ಕಸನ ಉಗುರು! ನಾನು ಬೆಚ್ಚಿದ್ದು ಕಂಡು ನಗುತ್ತಾಳೆ. ಬಯಲಾಟಕ್ಕೆ ಮಾಡಿದ ಉಗುರಿನ ಅಂಟು ನಿಲ್ಲುತ್ತದೋ ಇಲ್ಲವೋ, ಈಗ ಮೊದಲ ಪರೀಕ್ಷೆ ತನ್ನ ಕೈಯ ಮೇಲೆಯೇ ಅಂತೆ.

ಗಂಡ ಮೋದಿನಸಾಬ ಎಮ್ಮೆಯ ಕೋಡಿನಿಂದ ಹಣಿಗೆ ಮಾಡುತ್ತಿದ್ದ. ಅವನು ತೀರಿಕೊಂಡ, ಪ್ಲಾಸ್ಟಿಕ್ ಹಣಿಗೆ ಬಂತು. ಅರ, ಗರಗಸ ಈಕೆಯ ಪಾಲಿಗೆ ಉಳಿದವು. ಈಗ ರೋಣ, ನರಗುಂದದ ಆಟದವರಿಗೆಲ್ಲ ಉಗುರು ಇವಳದೇ. ಕೋಡು ಕುದಿಸಿ ಮೆತ್ತಗೆ ಮಾಡಿ, ಕತ್ತರಿಸಿ, ಬೆರಳಿಗೆ ತಕ್ಕಂತೆ ಬಾಗಿಸಬೇಕು. ದಿನಕ್ಕೆ ಐದೇ ಉಗುರು. ಆ ನಾತಕ್ಕೆ ನೆರೆಯವರ ಬೈಗುಳ ಬೇರೆ. ಹೊಗಳಿಕೆಯೆಲ್ಲ ರಕ್ಕಸನಿಗೆ, ಉಗುರು ಮಾಡಿದವಳನ್ನು ಕೇಳುವವರಿಲ್ಲ. ಇದಕ್ಕೆ ನನಗೆ ಸಿಟ್ಟಿದೆ, ಆಕೆಗಿಲ್ಲ.

ಆಕೆಯನ್ನು ಕೊರೆಯುವುದು ಬೇರೆಯೇ. ಕನ್ನಡ ನಾಡು ಒಂದಾಗುವ ಮುಂಚಿನ ಬೇಸಿಗೆಯಲ್ಲಿ ಜಾಲಿ ಅಂಟು ಬೆವರಿಗೆ ಕರಗಿ, ಉಗುರು ರಂಗದ ಮೇಲೆ ಉದುರಿ, ಜನ ನಕ್ಕರು. ಮುಂದಿನ ಆಟಕ್ಕೆ ಹುಬ್ಬಳ್ಳಿಯಿಂದ ಒಂದು ಬಾಟಲಿ ತರಿಸಿದಳು.

"ಬಾಟ್ಲಿ ಮ್ಯಾಲಿಂದು ಓದಾಕ ಬರಂಗಿಲ್ರಿ. ಮೂಸಿ ನೋಡಿದೆ, ಬಾಳಿಹಣ್ಣಿನ ವಾಸನಿ. ತಿನ್ನೋ ಹಣ್ಣು ಏನ್ ಮಾಡೀತು ಅಂದ್ಕೊಂಡೆ."

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಅದು ಹರಿದ ಸಿನಿಮಾ ರೀಲು ಅಂಟಿಸುವ ರಾಸಾಯನಿಕ ಎಂದು ದವಾಖಾನೆಯ ಕಂಪೌಂಡರ್ ಓದಿ ಹೇಳುವಷ್ಟರಲ್ಲಿ, ವೇಷ ಕಳಚುವಾಗ ರಕ್ಕಸನ ಪಾತ್ರದ ಕನಕಪ್ಪನ ಎರಡು ಸ್ವಂತ ಉಗುರೂ ಜೊತೆಗೇ ಕಿತ್ತುಬಂದಿದ್ದವು. ಅಬ್ಬಿಗೇರಿಯ ಒಕ್ಕಲಿಗ ಅವನು. ಬಿತ್ತನೆಯ ಹೊತ್ತಿಗೆ ಕೂರಿಗೆ ಹಿಡಿಯಲಾಗಲಿಲ್ಲ. ಇನ್ನು ವೇಷವೇ ಬೇಡ ಎಂದುಬಿಟ್ಟ.

ಅವನನ್ನು ಮತ್ತೆ ರಂಗಕ್ಕೆ ಹತ್ತಿಸಬೇಕು. ಅಂದಿನಿಂದ ಈಕೆಗೆ ಇದೊಂದೇ ಹಟ. ರಾಳ, ಜೇನುಮೇಣ ಕೂಡಿಸಿ ಕಾಯಿಸಿದ ಅಂಟು ಹನ್ನೊಂದು ಸಲ ಕೆಟ್ಟಿದೆ. ಇದು ಹನ್ನೆರಡನೆಯದು. ಹೇಳಿಕಳಿಸಿದ್ದಕ್ಕೆ ಕನಕಪ್ಪನೂ ಬಂದು ಹೊಸ್ತಿಲಲ್ಲಿ ಕೂತಿದ್ದಾನೆ, ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು.

ಬೀಸುವುದು ಮುಗಿಯಿತು. ಮೈಯೆಲ್ಲ ಬೆವರು, ಒಂದು ಉಗುರೂ ಅಲುಗಿಲ್ಲ.

"ಅಂಟೂದು ದೊಡ್ಡದಲ್ರಿ. ಬಿಡು ಅಂದಾಗ ಬಿಡಬೇಕು," ಎನ್ನುತ್ತ ರಮಜಾನಬಿ ಬೆಚ್ಚಗಿನ ಎಣ್ಣೆಯಲ್ಲಿ ಬೆರಳು ಅದ್ದುತ್ತಾಳೆ. ರಕ್ಕಸನ ಉಗುರು ಒಂದೊಂದೇ ಕಳಚಿ ಬರುತ್ತವೆ. ಕೆಳಗೆ ಆಕೆಯ ಉಗುರು ಇದ್ದ ಹಾಗೇ ಇವೆ.

"ಚಾಚಿ, ನಾನೂ ಒಮ್ಮೆ ಮೂಸಿ ನೋಡ್ಲೇನು?" ಕನಕಪ್ಪ ಕುಟುಕುತ್ತಾನೆ.

"ಮೂಸಬ್ಯಾಡಪಾ. ನನ್ನ ಕೈ ನೋಡು."

ಕನಕಪ್ಪ ಬಗ್ಗಿ ಒಂದೊಂದೇ ಬೆರಳು ನೋಡುತ್ತಾನೆ. ಆಮೇಲೆ ಕಂಕುಳಿಂದ ಬಲಗೈ ತೆಗೆದು ಆಕೆಯ ಮುಂದೆ ಹಿಡಿಯುತ್ತಾನೆ.